ಪ್ರತಿ ಹೊಡೆತಕ್ಕೂ ಆಫ್‌ಸೆಟ್: ಉದ್ಯಮಬಾಗದ ಹವ್ಯಾಸಿ ಗಾಲ್ಫ್ ಆಟಗಾರರೊಬ್ಬರ ಸ್ವಿಂಗ್ ಪ್ರಕರಣ

ಈ ಪ್ರಕರಣದ ವ್ಯಕ್ತಿ ಬೆಳಗಾವಿಯ ಉದ್ಯಮಬಾಗದಲ್ಲಿ ಮಷಿನ್ ಶಾಪ್ ನಡೆಸುವವರು. ವಯಸ್ಸು ಐವತ್ತರ ಆಚೀಚೆ, ಬಲಗೈ ಆಟ. ಹುಡುಗರಾಗಿದ್ದಾಗ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು. ಹೆಸರು ಬೇಡವೆಂದಿದ್ದಾರೆ, ಅವರ ಶಾಪ್‌ನಲ್ಲಿ ಎಲ್ಲರೂ ಕರೆಯುವಂತೆ ನಾನೂ ‘ಮಾಲಕರು’ ಎಂದೇ ಬರೆಯುತ್ತೇನೆ. ನಾನು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುವವನು, ಗಾಲ್ಫ್ ಕೋಚ್ ಅಲ್ಲ. ಆದರೆ ಓಟಗಾರರ ಹೆಜ್ಜೆ, ಗುಂಡೆಸೆತಗಾರರ ಸೊಂಟ ನೋಡಿ ನೋಡಿ ಕಣ್ಣು ಪಳಗಿದೆ. ಆ ನಂಬಿಕೆಯಿಂದಲೇ ಅವರು 2022ರ ಬೇಸಿಗೆಯಲ್ಲಿ ನನ್ನನ್ನು ಮೈದಾನಕ್ಕೆ ಕರೆದೊಯ್ದರು.

ದೂರನ್ನು ಅವರ ಮಾತಿನಲ್ಲೇ ಕೇಳಬೇಕು. “ಒಳ್ಳೇ ಹೊಡ್ತಾ ಬರೂದೇ ಇಲ್ಲಂತಲ್ರೀ ಮಾಸ್ತರ್ರ. ಬರತೈತಿ. ಯಾವಾಗ ಬರತೈತಿ ಅನ್ನೂದು ನನಗೂ ಗೊತ್ತಿರೂದಿಲ್ಲ, ದೇವರಿಗೂ ಗೊತ್ತಿರೂದಿಲ್ಲ.”

ನಿಯಮದ ಪ್ರಕಾರ ಚೀಲದಲ್ಲಿ ಹೆಚ್ಚೆಂದರೆ 14 ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಇರಬಹುದು. ಅವರ ಚೀಲದಲ್ಲಿ ಹದಿನಾಲ್ಕೂ ಇದ್ದವು, ಎಲ್ಲವೂ ದುಬಾರಿ. ಫೋನಿನಲ್ಲಿ ಸ್ವಿಂಗ್ ಕಲಿಸುವ ವಿಡಿಯೊಗಳ ದಂಡೇ ಇತ್ತು. ಎಡಗೈ ಸೆಟೆದಿರಲಿ, ತಲೆ ಅಲ್ಲಾಡದಿರಲಿ, ಬಲ ಮೊಣಕೈ ಪಕ್ಕೆಗೆ ತಾಗಿರಲಿ, ಮಣಿಕಟ್ಟು ತಡವಾಗಿ ಬಿಚ್ಚಿಕೊಳ್ಳಲಿ, ಸೊಂಟ ಮೊದಲು ತಿರುಗಲಿ: ಇವೆಲ್ಲವನ್ನೂ ಅವರು ಒಂದೇ ಸ್ವಿಂಗ್‌ನಲ್ಲಿ ನೆನಪಿಟ್ಟುಕೊಳ್ಳಲು ನೋಡುತ್ತಿದ್ದರು. ಕ್ಲಬ್ ಮೇಲೆ ಹೋಗಿ ಕೆಳಗೆ ಬರಲು ಸುಮಾರು ಒಂದೂಕಾಲು ಸೆಕೆಂಡು ಸಾಕು. ಚೆಂಡಿಗೆ ಕ್ಲಬ್ ತಾಗಿರುವುದಂತೂ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. ಅಷ್ಟರಲ್ಲಿ ಐದು ಉಪದೇಶ ಪಾಲಿಸುವುದು ಯೋಗಿಗೂ ಆಗದ ಕೆಲಸ.

ಏಳನೆಯ ಐರನ್ (ಮಧ್ಯಮ ದೂರಕ್ಕೆ ಬಳಸುವ ಲೋಹದ ಕ್ಲಬ್) ಹಿಡಿದು ಒಂದು ಬುಟ್ಟಿ ಚೆಂಡು ಹೊಡೆದರೆಂದರೆ ಹೆಚ್ಚಿನವು ಎಡಕ್ಕೆ ಹೊರಟು ಬಲಕ್ಕೆ ಬಾಗಿ ಬೀಳುತ್ತಿದ್ದವು, ಅಂದರೆ ಸ್ಲೈಸ್. ನಡುನಡುವೆ ಒಂದು ನೆಟ್ಟಗೆ ಎಡಕ್ಕೇ ಹೋಗುವುದು, ಒಂದು ನೆಲದ ಮೇಲೆ ಉರುಳುವುದು, ಇನ್ನೊಂದಕ್ಕೆ ಚೆಂಡಿಗಿಂತ ಮೊದಲು ಮಣ್ಣು ಕಿತ್ತು ಬರುವುದು. ಆ ಮಧ್ಯೆ ಎಲ್ಲೋ ಒಂದು ಗುಂಡಿನಂತೆ ನೇರ ಹೋಗಿ ಅವರನ್ನು ಮುಂದಿನ ವಾರಕ್ಕೂ ಕಟ್ಟಿಹಾಕುತ್ತಿತ್ತು. ಹವ್ಯಾಸಿ ಗಾಲ್ಫ್ ಆಟಗಾರರ ವ್ಯಸನವೆಲ್ಲ ಆ ಒಂದು ಚೆಂಡಿನದು ಎಂದು ನನಗೆ ಅನ್ನಿಸುತ್ತದೆ.

ಚೆಂಡು ಹೇಳಿದ್ದು

ನಾವು ಮಾಡಿದ ಮೊದಲ ಕೆಲಸ ಸ್ವಿಂಗ್ ನೋಡುವುದನ್ನು ಬಿಟ್ಟು ಚೆಂಡು ನೋಡಿದ್ದು. ಹಳೆಯ ಕಾಲದ ಪಾಠ ಹೀಗಿತ್ತು: ಕ್ಲಬ್ ಯಾವ ದಾರಿಯಲ್ಲಿ ಬೀಸುತ್ತದೋ ಚೆಂಡು ಆ ದಿಕ್ಕಿಗೆ ಹೊರಡುತ್ತದೆ, ಕ್ಲಬ್‌ನ ಮುಖ (ಚೆಂಡಿಗೆ ತಾಗುವ ಭಾಗ) ಎತ್ತ ನೋಡುತ್ತಿತ್ತೋ ಅತ್ತ ಬಾಗುತ್ತದೆ. ರಾಡಾರ್ ಯಂತ್ರಗಳು ಬಂದು ಅಳೆದ ಮೇಲೆ ಈ ಪಾಠ ಸುಳ್ಳಾಯಿತು. ಚೆಂಡು ಹೊರಡುವ ದಿಕ್ಕಿನ ಹೆಚ್ಚಿನ ಪಾಲನ್ನು ಮುಖವೇ ತೀರ್ಮಾನಿಸುತ್ತದೆ: ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್‌ನಲ್ಲಿ ಸುಮಾರು 85 ಶೇಕಡಾ, ಐರನ್‌ಗಳಲ್ಲಿ ಸುಮಾರು 75 ಶೇಕಡಾ. ಬಾಗು ಹುಟ್ಟುವುದು ಮುಖಕ್ಕೂ ಬೀಸಿನ ದಾರಿಗೂ ನಡುವೆ ಇರುವ ಕೋನದಿಂದ.

ಈಗ ಮಾಲಕರ ಚೆಂಡನ್ನು ಓದಿ ನೋಡಿ. ಎಡಕ್ಕೆ ತುಸು ಹೊರಟು ಬಲಕ್ಕೆ ಬಾಗುತ್ತದೆ. ಎಡಕ್ಕೆ ಹೊರಟಿತೆಂದರೆ ಹೊಡೆತದ ಕ್ಷಣದಲ್ಲಿ ಮುಖ ಗುರಿಗಿಂತ ಎಡಕ್ಕೇ ಇತ್ತು. ಬಲಕ್ಕೆ ಬಾಗಿತೆಂದರೆ ಬೀಸಿನ ದಾರಿ ಮುಖಕ್ಕಿಂತಲೂ ಎಡಕ್ಕಿತ್ತು. ಉದಾಹರಣೆಗೆ ದಾರಿ ಎಂಟು ಡಿಗ್ರಿ ಎಡಕ್ಕೆ, ಮುಖ ಎರಡು ಡಿಗ್ರಿ ಎಡಕ್ಕೆ ಎಂದಿಟ್ಟುಕೊಳ್ಳಿ. ಗುರಿಯ ಲೆಕ್ಕದಲ್ಲಿ ಮುಖ ಮುಚ್ಚಿದೆ, ದಾರಿಯ ಲೆಕ್ಕದಲ್ಲಿ ಆರು ಡಿಗ್ರಿ ತೆರೆದಿದೆ. ಸ್ಲೈಸ್ ಎಂದರೆ ಆ ಆರು.

ಮಾಲಕರ ತರ್ಕ ಮಾತ್ರ ಬೇರೆಯೇ ಇತ್ತು. ಚೆಂಡು ಬಲಕ್ಕೆ ಹೋಗಿ ಬೀಳುತ್ತಿದೆ, ಹಾಗಾದರೆ ಇನ್ನೂ ಎಡಕ್ಕೆ ತಿರುಗಿ ನಿಂತು ಹೊಡೆದರೆ ಸರಿಹೋದೀತು. ತಿರುಗಿ ನಿಂತರು. ಭುಜ ತೆರೆಯಿತು, ದಾರಿ ಇನ್ನಷ್ಟು ಎಡಕ್ಕೆ ಹೊರಳಿತು, ಮುಖಕ್ಕೂ ದಾರಿಗೂ ಅಂತರ ಬೆಳೆಯಿತು, ಚೆಂಡು ಮೊದಲಿಗಿಂತ ಹೆಚ್ಚು ಬಾಗಿತು. ಆಗ ಇನ್ನೂ ಎಡಕ್ಕೆ. ಹೀಗೆ ಎರಡು ವರ್ಷ ಒಂದೇ ದಿಕ್ಕಿಗೆ ತಿರುಗುತ್ತ ತಿರುಗುತ್ತ ಅವರು ಗುರಿಗೆ ಹೆಚ್ಚುಕಡಿಮೆ ಎದೆ ಕೊಟ್ಟು ನಿಲ್ಲುವ ಹಂತಕ್ಕೆ ಬಂದಿದ್ದರು. ಇದನ್ನು ಅವರಿಗಿಂತ ಮೊದಲು ಕಂಡವರು ಅವರ ಕ್ಯಾಡಿ, ಅಂದರೆ ಚೀಲ ಹೊತ್ತು ಜೊತೆಗೆ ನಡೆಯುವವರು, ವಯಸ್ಸಿನಲ್ಲಿ ಹಿರಿಯರು. “ಸಾಹೇಬ್ರ, ನೀವು ಬಾವುಟಾ ಅಲ್ಲಿ ಐತಿ ಅಂತೀರಿ, ಕಾಲು ಮಾತ್ರ ಬ್ಯಾರೇ ಊರಿಗೆ ಹೊಂಟಾವ ನೋಡ್ರಿ” ಎಂದು ಅವರು ಹಿಂದೆಯೇ ಹೇಳಿದ್ದರಂತೆ. “ಮಾಮಾ, ನೀ ಸುಮ್ಮನ ಚೆಂಡ ಹುಡುಕು” ಎಂದು ಮಾಲಕರು ಬಾಯಿ ಮುಚ್ಚಿಸಿದ್ದರು.

ಎರಡನೆಯ ಸಾಕ್ಷಿ ಕ್ಲಬ್‌ನ ಮುಖದ್ದು. ಮುಖಕ್ಕೆ ಟಾಲ್ಕಂ ಪೌಡರ್ ತೆಳ್ಳಗೆ ಸವರಿ ಹೊಡೆಸಿದೆವು. ಚೆಂಡು ತಾಗಿದ ಗುರುತು ಪೌಡರ್‌ನಲ್ಲಿ ಅಚ್ಚಾಗಿ ಮೂಡುತ್ತದೆ. ಅವರ ಗುರುತುಗಳು ಮುಖದ ಹಿಮ್ಮಡಿಯಿಂದ (ಕೋಲು ಸೇರುವ ಕಡೆ) ಆಚೆ ತುದಿಯವರೆಗೂ ಚದುರಿದ್ದವು. ಡ್ರೈವರ್‌ನಂಥ ಉಬ್ಬುಮುಖದ ಕ್ಲಬ್‌ಗಳಲ್ಲಿ ಇದರ ಪರಿಣಾಮ ದೊಡ್ಡದು: ಹಿಮ್ಮಡಿಯ ಕಡೆ ತಾಗಿದರೆ ಚೆಂಡು ಬಲಕ್ಕೆ ಬಾಗುತ್ತದೆ, ತುದಿಯ ಕಡೆ ತಾಗಿದರೆ ಎಡಕ್ಕೆ. ಅಂದರೆ ದಾರಿ ಮತ್ತು ಮುಖ ಎರಡೂ ಸರಿಯಿದ್ದ ದಿನವೂ ಚೆಂಡು ಕೈ ಕೊಡಬಹುದು, ಆಟಗಾರ ತನ್ನ ಸ್ವಿಂಗ್ ಕೆಟ್ಟಿತೆಂದು ತಿಳಿದು ಸರಿಯಿದ್ದದ್ದನ್ನೇ ಬದಲಿಸಬಹುದು.

ಮೂರನೆಯದು ಗ್ರಿಪ್, ಅಂದರೆ ಹಿಡಿತ. ಎಡಗೈ ಬಹಳ ಎಡಕ್ಕೆ ತಿರುಗಿತ್ತು. ಹೆಬ್ಬೆರಳು ತೋರುಬೆರಳು ಸೇರಿ ಆಗುವ ಗೆರೆ ಗದ್ದಕ್ಕೆ ನೆಟ್ಟಿತ್ತು. ಕ್ರಿಕೆಟ್‌ನಲ್ಲಿ ಬ್ಯಾಟಿನ ಮುಖ ತೆರೆದಿಟ್ಟು ಆಫ್ ಸೈಡಿಗೆ ತಳ್ಳುವ ಹಿಡಿತದ ಪಳೆಯುಳಿಕೆ ಅದು ಎಂಬುದು ನನ್ನ ಊಹೆ. ಬೆರಳು ಹೆಣೆಯುವ ಬಗೆಯ ಮೇಲೆ ಗಾಲ್ಫ್ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಬ್ರಿಟಿಷ್ ಓಪನ್ ಆರು ಸಲ ಗೆದ್ದ ಹ್ಯಾರಿ ವಾರ್ಡನ್ ಬಲಗೈಯ ಕಿರುಬೆರಳನ್ನು ಎಡಗೈ ಬೆರಳುಗಳ ಮೇಲೆ ಕೂರಿಸುತ್ತಿದ್ದ, ಜ್ಯಾಕ್ ನಿಕ್ಲಾಸ್ ಮತ್ತು ಟೈಗರ್ ವುಡ್ಸ್ ಅದನ್ನು ಎಡಗೈಯ ತೋರುಬೆರಳಿಗೆ ಕೊಂಡಿ ಹಾಕಿದರು. ಇಬ್ಬಗೆಯವರೂ ಗೆದ್ದಿದ್ದಾರೆ, ಆ ವಾದ ಬೇಡ. ಕೈ ಎಷ್ಟು ತಿರುಗಿದೆ ಎನ್ನುವುದಷ್ಟೇ ಚೆಂಡಿಗೆ ತಿಳಿಯುವ ಸಂಗತಿ. ಮೇಲಿನಿಂದ ನೋಡಿದಾಗ ಎಡಗೈಯ ಎರಡರಿಂದ ಮೂರು ಗೆಣ್ಣು ಕಾಣುವಂತೆ, ಆ ಗೆರೆ ಬಲಭುಜದ ಕಡೆ ನೋಡುವಂತೆ ತಿರುಗಿಸಿದೆವು. “ಯಾರದೋ ಕೈ ಇಸ್ಕೊಂಡು ಬಂದಂಗಾತು” ಎಂದರು.

ಹೊಸ ಹಿಡಿತದ ಮೊದಲ ಚೆಂಡು ನೆಟ್ಟಗೆ ಎಡಕ್ಕೆ ಹೋಯಿತು. ಅದು ಹಾಗೆಯೇ ಹೋಗಬೇಕಿತ್ತು. ಮುಖ ಈಗ ದಾರಿಯ ಜೊತೆ ಒಂದಾಗಿತ್ತು, ದಾರಿ ಮಾತ್ರ ಇನ್ನೂ ಎಡಕ್ಕಿತ್ತು. ಬಾಗು ಹೋಯಿತು, ದಿಕ್ಕು ಉಳಿಯಿತು. ಅಂದರೆ ಅರ್ಧ ಕೆಲಸ ಮುಗಿದಂತೆ. ಆದರೆ ಮಾಲಕರು ಎರಡನೆಯ ಚೆಂಡಿಗೆ ಕೈ ಸ್ವಲ್ಪ ಹಿಂದಕ್ಕೆ ತಿರುಗಿಸಿದರು. ಮೂರನೆಯದಕ್ಕೆ ಕಾಲು ಬದಲಾಯಿಸಿದರು. ನಾಲ್ಕನೆಯದಕ್ಕೆ ಚೆಂಡನ್ನು ಮುಂದೆ ಇಟ್ಟರು. ನಿಜವಾದ ರೋಗ ನನ್ನ ಕಣ್ಣಿಗೆ ಬಿದ್ದದ್ದು ಅಲ್ಲಿ.

ಆಫ್‌ಸೆಟ್ ಮುಟ್ಟುವ ಚಟ

ಅವರ ಶಾಪ್‌ನಲ್ಲಿ ಸಿಎನ್‌ಸಿ ಲೇಥ್‌ಗಳಿವೆ, ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರಗಳು. ಜಾಬ್, ಅಂದರೆ ಕಡೆದ ಬಿಡಿಭಾಗ, ಒಂದೊಂದಾಗಿ ಹೊರಬರುತ್ತದೆ, ಆಪರೇಟರ್ ಮೈಕ್ರೋಮೀಟರ್ ಹಿಡಿದು ಅಳೆಯುತ್ತಾನೆ. ಒಂದು ಜಾಬ್ ಕೆಲವು ಮೈಕ್ರಾನ್ ದಪ್ಪ ಬಂದರೆ ಹೊಸ ಹುಡುಗನಿಗೆ ಕೈ ತುರಿಸುತ್ತದೆ, ಟೂಲ್ ಆಫ್‌ಸೆಟ್ (ಕತ್ತರಿಸುವ ಉಪಕರಣ ಎಲ್ಲಿ ನಿಲ್ಲಬೇಕೆಂಬ ಹೊಂದಾಣಿಕೆಯ ಅಂಕಿ) ಅಷ್ಟೇ ಮೈಕ್ರಾನ್ ಇಳಿಸಿಬಿಡುತ್ತಾನೆ. ಮುಂದಿನ ಜಾಬ್ ತೆಳ್ಳಗೆ ಬರುತ್ತದೆ, ಏರಿಸುತ್ತಾನೆ. ಸಂಜೆಯ ಹೊತ್ತಿಗೆ ರಿಜೆಕ್ಷನ್ ಡಬ್ಬಿ ತುಂಬಿರುತ್ತದೆ. ನಾನು ಮಾಲಕರನ್ನು ಕೇಳಿದೆ: “ಸಾವ್ಕಾರ್ರ, ನಿಮ್ಮ ಆಪರೇಟರ್ ಒಂದೊಂದು ಜಾಬಿಗೂ ಆಫ್‌ಸೆಟ್ ಮುಟ್ಟಿದ್ರ ಏನ್ ಮಾಡ್ತೀರಿ?”

“ಮುಟ್ಟಬ್ಯಾಡಂತ ಮಷಿನ್ ಮ್ಯಾಲೆ ಬೋರ್ಡೇ ಹಾಕೇನ್ರಿ. ಮುಟ್ಟಿದ್ರ ಮನಿಗೆ ಕಳಸ್ತೀನಿ.”

“ಮತ್ತ ಈಗ ನೀವು ಮಾಡಾಕತ್ತಿದ್ದೇನು?”

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಚೆಂಡಿನ ಬುಟ್ಟಿಯನ್ನು ಕಾಲಿನಿಂದ ಅತ್ತ ಸರಿಸಿ “ಚಾ ಕುಡ್ಯೂಣು ಬರ್ರಿ” ಎಂದರು.

ಗುಣಮಟ್ಟ ನಿಯಂತ್ರಣ ಓದಿದವರಿಗೆ ಇದು ಹೊಸ ವಿಷಯವಲ್ಲ. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಅಳತೆಗಳ ಏರಿಳಿತ ತೋರಿಸುವ ಕಂಟ್ರೋಲ್ ಚಾರ್ಟ್ ಹಾಕಿದಂದಿನಿಂದ ಕಾರ್ಖಾನೆಗಳು ಎರಡು ಬಗೆಯ ವ್ಯತ್ಯಾಸವನ್ನು ಬೇರೆಬೇರೆ ನೋಡುತ್ತ ಬಂದಿವೆ: ಯಾವ ಪ್ರಕ್ರಿಯೆಯಲ್ಲೂ ಇದ್ದೇ ಇರುವ ಸಣ್ಣ ಏರಿಳಿತ ಒಂದು, ಹುಡುಕಿದರೆ ಸಿಗುವ ನಿರ್ದಿಷ್ಟ ಕಾರಣದ ವ್ಯತ್ಯಾಸ ಇನ್ನೊಂದು. ಶೂಹಾರ್ಟ್‌ನ ದಾರಿಯಲ್ಲಿ ನಡೆದ ಎಡ್ವರ್ಡ್ಸ್ ಡೆಮಿಂಗ್ ಆಲಿಕೆಯ ಪ್ರಯೋಗವೊಂದನ್ನು ತೋರಿಸುತ್ತಿದ್ದ. ಮೇಜಿನ ಮೇಲೆ ಒಂದು ಚುಕ್ಕೆ, ಅದರ ನೇರಕ್ಕೆ ಮೇಲೊಂದು ಆಲಿಕೆ, ಆಲಿಕೆಯೊಳಗಿಂದ ಗೋಲಿ ಬಿಡುವುದು. ಗೋಲಿ ಚುಕ್ಕೆಯ ಆಚೀಚೆ ಬೀಳುತ್ತದೆ. ಆಲಿಕೆಯನ್ನು ಮುಟ್ಟದೆ ಬಿಟ್ಟರೆ ಗೋಲಿಗಳು ಚುಕ್ಕೆಯ ಸುತ್ತ ಒಂದು ಗುಂಪಾಗುತ್ತವೆ. ಪ್ರತಿ ಗೋಲಿ ಎಷ್ಟು ತಪ್ಪಿತೋ ಅಷ್ಟೇ ಎದುರು ದಿಕ್ಕಿಗೆ ಆಲಿಕೆ ಸರಿಸುತ್ತ ಹೋದರೆ ಚದುರಿಕೆಯನ್ನು ಅಳೆಯುವ ವರ್ಗಮಾನ (ವೇರಿಯನ್ಸ್) ಎರಡು ಪಟ್ಟಾಗುತ್ತದೆ. ತಿದ್ದುವ ಪ್ರತಿ ಪ್ರಯತ್ನ ಪ್ರಾಮಾಣಿಕವೇ. ಹಾಳು ಮಾಡುವುದೂ ಅದೇ.

ಕೆಟ್ಟ ಸ್ವಿಂಗ್ ಇರುವ ಹವ್ಯಾಸಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ನನ್ನ ಅಭಿಪ್ರಾಯದಲ್ಲಿ ಬಹುಮಂದಿಯ ಕಷ್ಟ ಸ್ವಿಂಗ್ ಕೆಟ್ಟದ್ದೆಂದು ಅಲ್ಲ, ಅವರ ಬಳಿ ಒಂದು ಸ್ವಿಂಗ್ ಎನ್ನುವುದೇ ಇಲ್ಲವೆಂದು. ಹೋದ ಚೆಂಡಿಗೆ ಕೊಟ್ಟ ಉತ್ತರವೇ ಮುಂದಿನ ಚೆಂಡಿನ ಸ್ವಿಂಗ್ ಆಗಿರುತ್ತದೆ. ಹೀಗಿರುವಾಗ ಭರವಸೆಯ ಹೊಡೆತ ಬರುವುದು ಎಲ್ಲಿಂದ?

ಚಹಾ ಮುಗಿಯುವ ಹೊತ್ತಿಗೆ ಮಾಲಕರೇ ನಿಯಮ ಬರೆದರು, ಶಾಪ್‌ನ ಭಾಷೆಯಲ್ಲೇ. ಒಂದು ಸೆಟ್ಟಿಂಗ್, ಹತ್ತು ಚೆಂಡು. ಹತ್ತು ಮುಗಿಯುವ ತನಕ ಹಿಡಿತ, ಕಾಲು, ಚೆಂಡಿನ ಜಾಗ ಯಾವುದನ್ನೂ ಮುಟ್ಟುವಂತಿಲ್ಲ. ಪ್ರತಿ ಚೆಂಡು ಗುರಿಗೆ ಎಷ್ಟು ಎಡಕ್ಕೆ ಅಥವಾ ಬಲಕ್ಕೆ ಬಿತ್ತೆಂದು ಕ್ಯಾಡಿ ಮಾಮಾ ಹೆಜ್ಜೆ ಅಳೆದು ಕೂಗಬೇಕು, ನೋಟ್‌ಬುಕ್‌ನಲ್ಲಿ ಚುಕ್ಕೆ ಇಡಬೇಕು. ಹತ್ತರ ಕೊನೆಗೆ ನೋಡುವುದು ಎರಡನ್ನು: ಚುಕ್ಕೆಗಳ ನಡು ಎಲ್ಲಿದೆ, ಚುಕ್ಕೆಗಳು ಎಷ್ಟು ಅಗಲ ಹರಡಿವೆ. ನಡು ಗುರಿಯಿಂದ ಸರಿದಿದ್ದರೆ ಸೆಟ್ಟಿಂಗ್ ಬದಲಿಸಬಹುದು. ಅಗಲ ದೊಡ್ಡದಿದ್ದರೆ ಯಾವ ಸೆಟ್ಟಿಂಗ್‌ನಿಂದಲೂ ಅದು ಕಿರಿದಾಗದು, ಚಲನೆಯಲ್ಲೇ ಏನೋ ಒಂದು ಪ್ರತಿ ಸಲ ಬೇರೆಯಾಗುತ್ತಿದೆ ಎಂದರ್ಥ. ಬೂಟು ಜಾರಿ ಬಿದ್ದ ಚೆಂಡಿಗೆ ಸುತ್ತು ಹಾಕಿ ಪಕ್ಕಕ್ಕಿಡುವುದು, ಅದಕ್ಕೆ ಕಾರಣ ಗೊತ್ತಿದೆ.

ಮೊದಲ ಕೆಲವು ಹಾಳೆಗಳನ್ನು ನೋಡಿದರೆ ನಡು ಅಷ್ಟೇನೂ ಕೆಟ್ಟಿರಲಿಲ್ಲ. ಅಗಲವೇ ಭಯಂಕರ. ಎರಡು ವರ್ಷ ಅವರು ತಿದ್ದುತ್ತ ಬಂದದ್ದು ನಡುವನ್ನು.

ಚಿರತೆಯ ತಿಂಗಳು

ಮಳೆ ಹಿಡಿಯಿತು. ಬೆಳಗಾವಿಯ ಮಳೆ ಎಂದರೆ ಜುಲೈನಲ್ಲಿ ಆಟದ ಮಾತೇ ಇಲ್ಲ. ಆಗಸ್ಟ್‌ನಲ್ಲಿ ತುಸು ಬಿಡುವು ಸಿಕ್ಕೀತು ಎನ್ನುವಾಗ ಜಾಧವ ನಗರದಲ್ಲಿ ಚಿರತೆ ಕಾಣಿಸಿಕೊಂಡಿತು. ಆಮೇಲೆ ಅದು ಗಾಲ್ಫ್ ಮೈದಾನದ ಗಿಡಗಂಟಿ ಸೇರಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಬೋನು, ಕ್ಯಾಮೆರಾ, ಡ್ರೋನ್, ಕೊನೆಗೆ ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳೂ ಬಂದವು. ಹತ್ತಿರ ಹತ್ತಿರ ಒಂದು ತಿಂಗಳ ಹುಡುಕಾಟದಲ್ಲೂ ಚಿರತೆ ಕೈಗೆ ಸಿಗಲಿಲ್ಲ. ಊರೆಲ್ಲ ನಗೆಚಾಟಿಕೆಯ ಫೋಟೊಗಳನ್ನು ಹಂಚಿಕೊಂಡು ಸಂತೋಷಪಟ್ಟಿತು. ಗಾಲ್ಫ್ ಆಡುವವರು ಮಾತ್ರ ಮನೆಯಲ್ಲಿ ಕೂತರು.

ಈ ಪ್ರಕರಣಕ್ಕೆ ಅದರಿಂದ ಒಳ್ಳೆಯದೇ ಆಯಿತು. ಚೆಂಡು ಹಾರುವುದು ಕಾಣದಿದ್ದರೆ ಅದಕ್ಕೆ ಉತ್ತರ ಕೊಡುವ ಚಟವೂ ಇರುವುದಿಲ್ಲ.

ಶಾಪ್‌ನ ಶೆಡ್ ಹಿಂದೆ ಒಂದು ಪಟ್ಟಿ ಕೆಂಪು ಮಣ್ಣಿನ ಜಾಗವಿದೆ. ಮಳೆಯಲ್ಲಿ ನೆಂದು ಮೆತ್ತಗಾಗಿತ್ತು. ಅಲ್ಲಿ ಅವರ ಮನೆಯ ರಂಗೋಲಿ ಪುಡಿಯಿಂದ ಉದ್ದಕ್ಕೆ ಒಂದು ಗೆರೆ ಎಳೆದೆವು. ಗೆರೆಗೆ ಅಡ್ಡವಾಗಿ, ಚೆಂಡು ಆ ಗೆರೆಯ ಮೇಲೆಯೇ ಇದೆ ಎಂದುಕೊಂಡು, ಏಳನೆಯ ಐರನ್ ಬೀಸುತ್ತ ಒಂದೊಂದು ಹೆಜ್ಜೆ ಮುಂದೆ ಹೋಗುವುದು. ಪ್ರತಿ ಬೀಸಿಗೂ ಕ್ಲಬ್ ಮಣ್ಣು ಕೆರೆದ ಗುರುತು ಉಳಿಯುತ್ತದೆ. ಐರನ್ ಹೊಡೆತದಲ್ಲಿ ಕ್ಲಬ್ ಇಳಿಯುತ್ತಲೇ ಚೆಂಡಿಗೆ ತಾಗಬೇಕು, ಆಮೇಲೆ ನೆಲಕ್ಕೆ. ಹಾಗಾದರೆ ಕೆರೆತ ಗೆರೆಯಿಂದ ಶುರುವಾಗಿ ಗುರಿಯ ಕಡೆಗೆ ಹೋಗಬೇಕು. ಒಳ್ಳೆಯ ಆಟಗಾರರಲ್ಲಿ ಬೀಸಿನ ಅತಿ ತಗ್ಗಿನ ಬಿಂದು ಚೆಂಡಿಗಿಂತ ನಾಲ್ಕು ಅಂಗುಲದಷ್ಟು ಮುಂದಿರುತ್ತದೆ. ಮಾಲಕರ ಕೆರೆತಗಳು ಗೆರೆಗಿಂತ ಗೇಣು ಹಿಂದೆ ಒಂದು, ಗೆರೆಯ ಮೇಲೆ ಒಂದು, ನೆಲವನ್ನೇ ಮುಟ್ಟದ್ದು ಇನ್ನೊಂದು. ನೆಲದ ಮೇಲಿನ ಉರುಳುಚೆಂಡು, ಮಣ್ಣು ಕಿತ್ತ ಚೆಂಡು, ಪೌಡರ್‌ನಲ್ಲಿ ಚದುರಿದ ಗುರುತು ಎಲ್ಲದರ ಮೂಲ ಅಲ್ಲಿ ಬರೆದಂತೆ ಬಿದ್ದಿತ್ತು.

ಕಾರಣ ಹುಡುಕಲು ಫೋನನ್ನು ಸ್ಲೋ ಮೋಷನ್‌ನಲ್ಲಿಟ್ಟು ಎದುರಿನಿಂದ ಹಿಡಿದೆವು. ಬೀಸು ಮುಗಿದಾಗಲೂ ಮೈಭಾರ ಬಲಗಾಲಿನ ಮೇಲೆಯೇ ಉಳಿಯುತ್ತಿತ್ತು. ‘ತಲೆ ಕೆಳಗೆ, ಅಲ್ಲಾಡಬೇಡ’ ಎಂಬ ಉಪದೇಶವನ್ನು ಅವರು ಇಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದರೆಂದರೆ ತಲೆಯ ಜೊತೆ ಎದೆ, ಸೊಂಟ ಎಲ್ಲವೂ ಅಲ್ಲೇ ನೆಟ್ಟುಬಿಟ್ಟಿದ್ದವು. ಗಾಲ್ಫ್‌ನಲ್ಲಿ ಇದಕ್ಕಿಂತ ಹೆಚ್ಚು ಕೆಡುಕು ಮಾಡಿದ ಸಲಹೆ ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕಣ್ಣು ಚೆಂಡಿನ ಮೇಲಿದ್ದರೆ ಸಾಕು. ಸೊಂಟ ತಿರುಗುವಾಗ ತಲೆಯೂ ಹಿಂಬಾಲಿಸಲಿ.

ಇಲ್ಲಿ ನಾನು ಕೊಟ್ಟ ಸೂಚನೆ ಒಂದೇ. ಬೀಸು ಮುಗಿದಾಗ ಬೆಲ್ಟಿನ ಬಕಲ್ ಗುರಿಯ ಕಡೆ ನೋಡುತ್ತಿರಬೇಕು, ಬಲ ಹಿಮ್ಮಡಿ ಎದ್ದಿರಬೇಕು, ಹಾಗೇ ಮೂರು ಎಣಿಸುವಷ್ಟು ಹೊತ್ತು ನಿಲ್ಲಬೇಕು. ನಡುವೆ ಏನು ಮಾಡಬೇಕೆಂದು ಹೇಳಲಿಲ್ಲ. ಕೊನೆಯ ಭಂಗಿ ಸರಿಯಾಗಿ ನಿಲ್ಲಬೇಕಾದರೆ ನಡುವಿನದು ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ. ಜಾವೆಲಿನ್ ಎಸೆಯುವ ಹುಡುಗರಿಗೂ ನಾನು ಹೀಗೆಯೇ ಕಲಿಸುವುದು. ಐವತ್ತರ ಸೊಂಟ ಮೊದಮೊದಲು ತಿರುಗಲು ಒಪ್ಪಲಿಲ್ಲ. ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರು ಸೊಂಟದ ಕೀಲು ಸಡಿಲಿಸುವ ಎರಡು ವ್ಯಾಯಾಮ ಹೇಳಿಕೊಟ್ಟರು, ಬುಟ್ಟಿಗಟ್ಟಲೆ ಚೆಂಡು ಹೊಡೆದು ಹಿಡಿದಿದ್ದ ಕೆಳಬೆನ್ನಿನ ನೋವೂ ಅದರಿಂದ ಇಳಿಯಿತು.

ಲಯದ ವಿಷಯಕ್ಕೆ ಮಾಲಕರು ತಾವೇ ಒಂದು ಉಪಾಯ ಕಂಡುಕೊಂಡರು, ನನಗೆ ಇಡೀ ಪ್ರಕರಣದಲ್ಲಿ ಬಹಳ ಹಿಡಿಸಿದ್ದು ಅದು. ವೃತ್ತಿಪರರ ಸ್ವಿಂಗ್ ಅಳೆದಾಗ ಮೇಲೆ ಹೋಗುವ ಹೊತ್ತಿಗೂ ಕೆಳಗಿಳಿದು ಚೆಂಡು ಮುಟ್ಟುವ ಹೊತ್ತಿಗೂ ಇರುವ ಪ್ರಮಾಣ ಹೆಚ್ಚುಕಡಿಮೆ ಮೂರಕ್ಕೆ ಒಂದು ಎಂದು ಕಂಡುಬಂದಿದೆ. ಸೆಕೆಂಡಿಗೆ 30 ಚೌಕಟ್ಟಿನ ವಿಡಿಯೊದಲ್ಲಿ ಎಣಿಸಿದರೆ ಮೇಲಕ್ಕೆ 27 ಚೌಕಟ್ಟು, ಕೆಳಕ್ಕೆ 9. ಚುರುಕಾಗಿ ಬೀಸುವವರಲ್ಲಿ 21 ಮತ್ತು 7. ವೇಗ ಒಬ್ಬೊಬ್ಬರದು ಒಂದೊಂದು, ಪ್ರಮಾಣ ಮಾತ್ರ ಅದೇ. ಮಾಲಕರದು ಪ್ರತಿ ಸಲ ಬೇರೆಯಾಗಿತ್ತು. ಯೋಚಿಸುತ್ತ ಮೇಲೆತ್ತುವಾಗ ಎಳೆಯುತ್ತ ಹೋಗುವುದು, ಕೆಳಗೆ ಬರುವಾಗ ಜಪ್ಪುವುದು. ನಾನು ಮೊಬೈಲಿನಲ್ಲಿ ತಾಳದ ಆಪ್ ಹಾಕಿಕೊಟ್ಟೆ, ಹಿಡಿಸಲಿಲ್ಲ. ಅವರ ಮನೆಯಲ್ಲಿ ಆಷಾಢಕ್ಕೆ ಪಂಢರಪುರದ ವಾರಿಗೆ, ಅಂದರೆ ಪಾದಯಾತ್ರೆಗೆ, ಹೋಗುವ ಪದ್ಧತಿಯಿದೆ. ಒಂದು ದಿನ ಶೆಡ್ ಹಿಂದೆ ಬೀಸುತ್ತ ಬಾಯಲ್ಲಿ ‘ಪಾಂಡುರಂಗ ವಿಠ್ಠಲ’ ಎನ್ನುತ್ತಿದ್ದರು. ಪಾಂಡುರಂಗ ಎನ್ನುವಷ್ಟರಲ್ಲಿ ಕ್ಲಬ್ ಮೇಲೆ, ‘ವಿಠ್’ ಎನ್ನುವಾಗ ಚೆಂಡಿಗೆ. ನಾನು ಬೆರಳು ಮಡಚಿ ಮಾತ್ರೆ ಎಣಿಸಿದೆ. ಮೊದಲನೆಯದು ಆರು ಮಾತ್ರೆ, ಎರಡನೆಯದು ಎರಡು. ಮೂರಕ್ಕೆ ಒಂದು! ಅಂದಿನಿಂದ ಬೇರೆ ಎಣಿಕೆ ಬೇಕಾಗಲಿಲ್ಲ. ಇದಕ್ಕೊಂದು ಒಳಲಾಭವೂ ಇತ್ತು: ಬಾಯಿ ವಿಠ್ಠಲನ ಹೆಸರು ಹೇಳುತ್ತಿರುವಾಗ ತಲೆಗೆ ಮೊಣಕೈ ಎಲ್ಲಿದೆಯೆಂದು ವಿಚಾರಿಸಲು ಪುರಸೊತ್ತಿರುವುದಿಲ್ಲ.

ರಂಗೋಲಿ ಗೆರೆಯ ಮುಂದಿನ ಕೆರೆತಗಳು ವಾರಗಳು ಕಳೆದಂತೆ ಒಂದೇ ಜಾಗಕ್ಕೆ ಬರತೊಡಗಿದವು. ಶಾಪ್‌ನ ಹುಡುಗರು ಊಟದ ಬಿಡುವಿನಲ್ಲಿ ಬಂದು ನೋಡಿ, ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) ಒಳಗೆ ಬಂತೋ ಇಲ್ಲೋ ಎಂದು ತಮ್ಮತಮ್ಮಲ್ಲೇ ವಾದ ಮಾಡಿ ಹೋಗುತ್ತಿದ್ದರು.

ಮತ್ತೆ ಮೈದಾನಕ್ಕೆ

ದಸರೆಯ ಹೊತ್ತಿಗೆ ಆಟ ಮತ್ತೆ ಶುರುವಾಯಿತು. ಮೊದಲು ಅರ್ಧ ಬೀಸು, ಕೈ ಸೊಂಟದೆತ್ತರದಿಂದ ಸೊಂಟದೆತ್ತರಕ್ಕೆ. ಹತ್ತರ ಹಾಳೆಗಳಲ್ಲಿ ಚುಕ್ಕೆಗಳು ಗುಂಪುಗೂಡಿದ್ದವು. ಅವರ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಅನುಮಾನ ಕಂಡಿತು. ಪೂರ್ತಿ ಬೀಸಿಗೆ ಹೋದಾಗ ಅಗಲ ಮತ್ತೆ ಹೆಚ್ಚಿತು, ಆದರೆ ಬೇಸಿಗೆಯ ಹಾಳೆಗಳ ಹತ್ತಿರಕ್ಕೂ ಹೋಗಲಿಲ್ಲ. ಆಮೇಲೆ ನಡು ನೋಡಿದೆವು: ಗುರಿಯಿಂದ ಕೆಲವು ಹೆಜ್ಜೆ ಬಲಕ್ಕೆ. ಎಡಕ್ಕೆ ಹೊರಟು ಮೆಲ್ಲಗೆ ಬಲಕ್ಕೆ ಬರುವ ಚೆಂಡು, ಗಾಲ್ಫ್‌ನ ಮಾತಿನಲ್ಲಿ ಫೇಡ್. ಇದನ್ನೂ ನೇರ ಮಾಡಬೇಕೇ ಎಂದು ಕೇಳಿದರು. ಬೇಡವೆಂದೆ. ಬಾಗುವ ಚೆಂಡು ಪ್ರತಿ ಸಲ ಒಂದೇ ಕಡೆ ಬಾಗಿದರೆ ಅದು ಆಸ್ತಿ. ಫೇರ್‌ವೇಯ (ಚೆಂಡು ಬೀಳಬೇಕಾದ, ಹುಲ್ಲು ಕತ್ತರಿಸಿದ ಪಟ್ಟಿ) ಎಡ ಅಂಚಿಗೆ ಗುರಿಯಿಟ್ಟರೆ, ಬಾಗದಿದ್ದ ಚೆಂಡು ಎಡ ಅಂಚಿನಲ್ಲಿ ಉಳಿಯುತ್ತದೆ, ಎಂದಿನಂತೆ ಬಾಗಿದ್ದು ನಡುವಿಗೆ ಬರುತ್ತದೆ, ಅತಿಯಾಗಿ ಬಾಗಿದ್ದು ಬಲ ಅಂಚಿನಲ್ಲಿ ನಿಲ್ಲುತ್ತದೆ. ನೇರಕ್ಕೆ ಗುರಿಯಿಡುವವನಿಗೆ ಫೇರ್‌ವೇಯ ಅರ್ಧ ಅಗಲ ಮಾತ್ರ ಸಿಗುತ್ತದೆ, ಏಕೆಂದರೆ ಅವನ ತಪ್ಪು ಯಾವ ಕಡೆ ಹೋಗುತ್ತದೆಂದು ಅವನಿಗೇ ತಿಳಿಯದು.

ಡ್ರೈವರ್ ಬೇರೆಯದೇ ಕಥೆ. ಮುಖಕ್ಕೂ ದಾರಿಗೂ ಇರುವ ಅಂತರ ಅಷ್ಟೇ ಇದ್ದರೂ ಕ್ಲಬ್‌ನ ಓರೆ (ಮುಖ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾದಷ್ಟೂ ಚೆಂಡಿನ ತಿರುಗಣಿ ಹೆಚ್ಚು ವಾಲುತ್ತದೆ, ಬಾಗು ಹೆಚ್ಚುತ್ತದೆ. ಏಳನೆಯ ಐರನ್‌ನ ಓರೆ 30 ಡಿಗ್ರಿಗೂ ಹೆಚ್ಚು, ಡ್ರೈವರ್‌ಗಿಂತ ಚಿಕ್ಕದಾದ ಮೂರನೆಯ ವುಡ್‌ನದು 15ರ ಸುತ್ತ, ಅವರ ಡ್ರೈವರ್‌ನದು ಹತ್ತೂವರೆ. ಏಳನೆಯ ಐರನ್‌ನಲ್ಲಿ ಸಾಧುವಾಗಿ ಕಾಣುವ ಫೇಡ್ ಡ್ರೈವರ್‌ನಲ್ಲಿ ಪಕ್ಕದ ಫೇರ್‌ವೇಗೆ ಹಾರುವ ಸ್ಲೈಸ್. ಮೇಲಾಗಿ ಟೀ (ಮೊದಲ ಹೊಡೆತಕ್ಕೆ ಚೆಂಡು ಕೂರಿಸುವ ಗೂಟ) ಮೇಲೆ ಚೆಂಡನ್ನು ಅವರು ಎಡಪಾದದ ಹೆಬ್ಬೆರಳಿಗೂ ಆಚೆ ಇಡುತ್ತಿದ್ದರು. ಅಷ್ಟು ಮುಂದೆ ಇಟ್ಟ ಚೆಂಡನ್ನು ತಲುಪಲು ಭುಜ ತೆರೆಯದೆ ವಿಧಿಯಿಲ್ಲ. ಎಡ ಹಿಮ್ಮಡಿಯ ನೇರಕ್ಕೆ ತಂದೆವು, ಸ್ವಲ್ಪ ಪಳಗಿತು, ಪೂರ್ತಿ ಅಲ್ಲ.

ಇಕ್ಕಟ್ಟಿನ ಹೋಲ್‌ಗಳಲ್ಲಿ (ಟೀಯಿಂದ ಕುಳಿಯವರೆಗಿನ ಒಂದೊಂದು ಹಾದಿಯೇ ಒಂದು ಹೋಲ್) ಡ್ರೈವರ್ ಚೀಲದಲ್ಲೇ ಇರಲಿ ಎಂದೆ. ಜಗಳವಾಯಿತು. ದೂರ ಹೊಡೆಯುವುದು ಗಂಡಸುತನದ ಲೆಕ್ಕ ಎಂದು ಬಹಳ ಜನ ತಿಳಿದಿದ್ದಾರೆ. ನಾನು ಅದಿತಿ ಅಶೋಕ್ ಅವರ ಉದಾಹರಣೆ ಕೊಟ್ಟೆ. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಈ ಹುಡುಗಿ ನಾಲ್ಕನೆಯ ಸ್ಥಾನ ಪಡೆದರು, ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಕಣದಲ್ಲಿದ್ದ ಬಹುತೇಕರು ಆಕೆಗಿಂತ ದೂರ ಹೊಡೆಯುವವರು. ಮಾಲಕರು ಒಪ್ಪಿದಂತೆ ಕಾಣಲಿಲ್ಲ, ಆದರೆ ಮುಂದಿನ ಭಾನುವಾರ ಮೂರನೆಯ ವುಡ್ ತೆಗೆದರು.

ಫಲಿತಾಂಶ ಅಳೆಯುವ ಬಗ್ಗೆ ಒಂದು ಮಾತು. ಅವರಿಗೆ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಅಂಕಿ, ಕಡಿಮೆಯಾದಷ್ಟೂ ಒಳ್ಳೆಯದು) ಇಳಿಯಬೇಕೆಂಬ ಆಸೆ, ಅದು ಎಲ್ಲರಿಗೂ ಇರುತ್ತದೆ. ಆದರೆ 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ನ್ನು ಮಾತ್ರ ಲೆಕ್ಕ ಹಿಡಿಯುತ್ತದೆ. ಉಳಿದ ಹನ್ನೆರಡು ಎಷ್ಟು ಹಾಳಾಗಿದ್ದರೂ ಸರಾಸರಿಗೆ ಬರುವುದಿಲ್ಲ. ಒಬ್ಬನ ಸಾಮರ್ಥ್ಯ ಎಲ್ಲಿಯವರೆಗೆ ಹೋಗಬಲ್ಲದೆಂದು ಹೇಳಲು ಅದು ಸರಿ; ಭರವಸೆ ಅಳೆಯಲು ಬಂದಾಗ ಆ ಹನ್ನೆರಡರಲ್ಲೇ ಸುದ್ದಿ ಇರುವುದು. ಅದಕ್ಕೇ ನಾವು ಬೇರೆ ಎರಡನ್ನು ಬರೆದಿಟ್ಟೆವು: ಒಂದು ಸುತ್ತಿನಲ್ಲಿ ಕಳೆದ ಚೆಂಡು ಎಷ್ಟು, ಅತಿ ಕೆಟ್ಟ ಹೋಲ್‌ನ ಸ್ಕೋರ್ ಎಷ್ಟು. 2023ರ ಯುಗಾದಿಯ ಹೊತ್ತಿಗೆ ಒಂದೂ ಚೆಂಡು ಕಳೆಯದ ಸುತ್ತುಗಳು ಅವರ ನೋಟ್‌ಬುಕ್‌ನಲ್ಲಿ ಕಾಣತೊಡಗಿದ್ದವು. ಹ್ಯಾಂಡಿಕ್ಯಾಪ್ ಇಳಿದದ್ದು ಸ್ವಲ್ಪವೇ. ಕ್ಯಾಡಿ ಮಾಮಾಗೆ ಮಾತ್ರ ಹುಡುಕುವ ಕೆಲಸ ತಪ್ಪಿ, ನೆರಳಿನಲ್ಲಿ ನಿಂತು ಹೆಜ್ಜೆ ಎಣಿಸುವುದಷ್ಟೇ ಉಳಿಯಿತು.

ಬಗೆಹರಿಯದೆ ಉಳಿದದ್ದು

ಒಬ್ಬರ ಪ್ರಕರಣದಿಂದ ಎಲ್ಲರಿಗೂ ಮದ್ದು ಬರೆಯಲಾಗದು. ಹಿಡಿತ, ಮೈಭಾರ, ಲಯ, ಹತ್ತರ ನಿಯಮ, ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ಬಿಡಿಸಿ ಹೇಳುವುದು ಕಷ್ಟ. ಒಂದರ ಮೇಲೊಂದು ಬಂದವು. ಹಿಡಿತದಲ್ಲಿ ಕೈ ಈಗಾಗಲೇ ಬಲಕ್ಕೆ ತಿರುಗಿರುವ, ಚೆಂಡು ಎಡಕ್ಕೆ ಕೊಕ್ಕೆ ಹಾಕುವ ಆಟಗಾರನಿಗೆ ಇಲ್ಲಿನ ಗ್ರಿಪ್ ಸಲಹೆ ವಿಷವಾದೀತು. ಚುಕ್ಕೆ ಇಡುವ ಹಾಳೆಯನ್ನು ಮಾತ್ರ ಯಾರಿಗಾದರೂ ಹೆದರದೆ ಕೊಡುತ್ತೇನೆ.

ಪಂದ್ಯದ ದಿನ ಇನ್ನೂ ಕೆಡುತ್ತದೆ. ಸೋತವರು ಎಲ್ಲರಿಗೂ ಕುಂದಾ ಕೊಡಿಸಬೇಕೆಂಬ ಪಣ ಬಿದ್ದರೆ ಸಾಕು, ಮಾಲಕರ ಮುಷ್ಟಿ ಬಿಗಿಯುತ್ತದೆ. ಬಿಗಿದ ಮುಷ್ಟಿ ಮಣಿಕಟ್ಟನ್ನು ಹಿಡಿದಿಡುತ್ತದೆ, ಮುಖ ಮುಚ್ಚಿಕೊಳ್ಳುವುದು ತಡವಾಗುತ್ತದೆ, ಹಳೆಯ ಸ್ಲೈಸ್ ಎದ್ದು ಬರುತ್ತದೆ. ಬೇಸಿಗೆಯಲ್ಲಿ ಕೆಂಪು ನೆಲ ಗಟ್ಟಿಯಾದಾಗ ಕ್ಲಬ್‌ನ ಅಡಿ ನೆಲಕ್ಕೆ ತಾಗಿ ಪುಟಿಯುತ್ತದೆ. ಮೆತ್ತಗಿನ ಮಣ್ಣಿನಲ್ಲಿ ಕ್ಷಮೆ ಸಿಗುತ್ತಿದ್ದ ತಪ್ಪಿಗೆ ಆಗ ಸಿಗುವುದಿಲ್ಲ. ಆ ಎರಡು ತಿಂಗಳು ಅವರು ಚೆಂಡನ್ನು ಬೆರಳಗಲ ಹಿಂದಕ್ಕೆ ಇಡುತ್ತಾರೆ, ಅದನ್ನೂ ಹತ್ತರ ಹಾಳೆ ನೋಡಿಯೇ ಒಪ್ಪಿದ್ದು.

ಡ್ರೈವರ್ ಈಗ ಅಗಲವಾದ ಹೋಲ್‌ಗಳಲ್ಲಿ ಮಾತ್ರ ಹೊರಬರುತ್ತದೆ. ಅದಕ್ಕೆ ಬೇರೆಯೇ ನೋಟ್‌ಬುಕ್ ಇಟ್ಟಿದ್ದಾರೆ. ಆ ಹಾಳೆಗಳ ಚುಕ್ಕೆ ಇನ್ನೂ ಅಗಲವಾಗಿಯೇ ಇದೆ, ಅವರೂ ಸದ್ಯಕ್ಕೆ ಸೆಟ್ಟಿಂಗ್ ಮುಟ್ಟಿಲ್ಲ.